ಸೌಟಿನವನ ಬೂಟು

ಫಿನ್ಲೆಂಡಿನ ಬೇರೆ ಊರುಗಳ ಮಾತು ನನಗೆ ಗೊತ್ತಿಲ್ಲ, ಹೌಕಿವಾರದಲ್ಲಂತೂ ಸೌನಾ ಎನ್ನುವ ಹಬೆಕೋಣೆಯ ಒಲೆಗಲ್ಲುಗಳ ಮೇಲೆ ಬೂಟು ಒಣಹಾಕಬಾರದು ಎನ್ನುವುದು ಆಗತಾನೇ ನಡೆಯಲು ಕಲಿತ ಮಗುವಿಗೂ ಗೊತ್ತು. ಆಲ್ಪೊಗೂ ಗೊತ್ತಿತ್ತು. ಆದರೆ ಶುಕ್ರವಾರ ಸಂಜೆ ಹಬೆಯಲ್ಲಿ ಕೂತು ಮೈಯೆಲ್ಲ ಹಗುರಾಗಿ, ಕಣ್ಣು ಎಳೆಯುತ್ತಿದ್ದವನಿಗೆ ಬೂಟನ್ನು ಗೋಡೆಯ ಮೊಳೆಗೆ ನೇತುಹಾಕುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಒಲೆ ಆರುತ್ತ ಬಂದಿದೆ, ಕಲ್ಲು ಬರೀ ಬೆಚ್ಚಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಜೋಡಿಯನ್ನು ಕಲ್ಲುಗಳ ಮೇಲೆ ಕೂರಿಸಿ ಹೋಗಿ ಮಲಗಿದ. ಶನಿವಾರ ಎದ್ದು ನೋಡಿದರೆ ಎರಡೂ ಅಟ್ಟೆ ಹಪ್ಪಳದಂತೆ ಮುರುಟಿಕೊಂಡಿದ್ದವು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ.

“ಏನೋ ನಾರ್ತಿದೆಯಲ್ಲ ಅಂತ ನಿನ್ನೆನೇ ಅಂದ್ಕೊಂಡೆ,” ಎಂದಳು ಹೆಂಡತಿ ಹಿಲ್ಕಾ, ಕಾಫಿ ಬಗ್ಗಿಸುತ್ತ. “ನಿನ್ನ ಕಾಲಿರಬೇಕು ಅಂತ ಸುಮ್ಮನಾದೆ.”

“ಈಗೇನೇ ಮಾಡ್ಲಿ? ಇವತ್ತು ಬೇಟೆಯ ಕೊನೇ ದಿನ.”

“ಮಾಡೋದೇನು? ಸೂಪು ಕಲಕೋದಕ್ಕೆ ಬೂಟು ಯಾತಕ್ಕೆ? ಕಾಲ್ಚೀಲ ಸಾಕು.”

ಆ ಮಾತು ಆಲ್ಪೊನ ಎದೆಗೆ ನಾಟಿತು. ಹೌಕಿವಾರದ ಬೇಟೆ ಸಂಘದಲ್ಲಿ ಎಲ್ಲರ ಕೈಯಲ್ಲೂ ಕೋವಿ, ಆಲ್ಪೊನ ಕೈಯಲ್ಲಿ ಮಾತ್ರ ಸೌಟು. ಮೂಸ್ ಎಂದರೆ ಕುದುರೆಗಿಂತ ಎತ್ತರದ ಪ್ರಾಣಿ; ಅದರ ಬೇಟೆ ಒಬ್ಬನಿಂದ ಆಗುವಂಥದ್ದಲ್ಲ. ಕೆಲವರು ನಾಯಿ ಬಿಟ್ಟುಕೊಂಡು ಕಾಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತಾರೆ, ಉಳಿದವರು ಕಾಡಿನ ಅಂಚಿನಲ್ಲಿ ಅಲ್ಲಲ್ಲಿ ಕೋವಿ ಹಿಡಿದು ಕಾವಲು ನಿಲ್ಲುತ್ತಾರೆ. ಕಾವಲು ನಿಂತವನು ಮುಖಂಡ ‘ಸಾಕು’ ಎನ್ನುವ ತನಕ ಜಾಗ ಬಿಟ್ಟು ಕದಲಬಾರದು. ಕದಲಿದರೆ ಅವನನ್ನೇ ಮೂಸ್ ಎಂದುಕೊಂಡು ಪಕ್ಕದವನು ಗುಂಡು ಹಾರಿಸಿಯಾನು. ಮೂರು ವರ್ಷದ ಹಿಂದೆ ಆಲ್ಪೊ ಕದಲಿದ್ದ. ಕಾಲು ಮರಗಟ್ಟಿ ತಡೆಯಲಾರದೆ ರಸ್ತೆಯ ತನಕ ಓಡಿ, ನಾಲ್ಕು ಸಲ ಕುಪ್ಪಳಿಸಿ ವಾಪಸು ಬರುವಷ್ಟರಲ್ಲಿ, ಆ ವರ್ಷದ ಅತಿ ದೊಡ್ಡ ಗಂಡು ಮೂಸ್ ಅವನ ಖಾಲಿ ಜಾಗದಿಂದಲೇ, ಹಿಮದಲ್ಲಿ ಮೂಡಿದ್ದ ಅವನ ಹೆಜ್ಜೆಗಳನ್ನೇ ತುಳಿದುಕೊಂಡು ನೆಮ್ಮದಿಯಾಗಿ ದಾಟಿಹೋಗಿತ್ತು.

ಸಂಘದಲ್ಲಿ ಹೊಸಬರಿಗೂ ತಪ್ಪು ಮಾಡಿದವರಿಗೂ ಬೇಟೆಮನೆಯ ಅಡಿಗೆ ಕೆಲಸ. ಅವತ್ತು ಸಂಜೆಯೇ ಮುಖಂಡ ತೌನೊ ಆಲ್ಪೊನ ಕೈಗೆ ಸೌಟು ಕೊಟ್ಟ. ಅಂದಿನಿಂದ ಪ್ರತಿ ಶನಿವಾರ ಉಳಿದವರು ಕಾಡಿಗೆ ಹೋಗುವಾಗ ಆಲ್ಪೊ ಬಟಾಣಿ ಸೂಪಿನ ಹಂಡೆಯ ಮುಂದೆ ನಿಲ್ಲುತ್ತಿದ್ದ. ಅಂಗಡಿಯಲ್ಲಿ ಯಾರಾದರೂ “ಏನು ಆಲ್ಪೊ, ಈ ಸಲ ಎಷ್ಟು ಬಟಾಣಿ ಹೊಡೆದೆ?” ಎಂದರೆ ನಗುವ ಹಾಗೂ ಇರಲಿಲ್ಲ, ಅಳುವ ಹಾಗೂ ಇರಲಿಲ್ಲ. ಅವನಪ್ಪ ಆ ಕಾಡಿನಲ್ಲಿ ಹೆಸರು ಮಾಡಿದ್ದ ಬೇಟೆಗಾರ. ಮಗನಿಗೆ ಈಗ ಜೀವನದಲ್ಲಿ ಒಂದೇ ಒಂದು ಆಸೆ ಉಳಿದಿತ್ತು: ಇನ್ನೊಮ್ಮೆ ಕಾವಲಿಗೆ ನಿಲ್ಲಬೇಕು.

ಅಷ್ಟರಲ್ಲಿ ಫೋನು ಬಂತು. ತೌನೊ.

“ಪೆಂಟ್ಟಿ ಸೊಂಟ ಹಿಡ್ಕೊಂಡು ಮಲಗಿದಾನೆ. ಜೌಗಿನ ಹತ್ರ ಹಳೇ ಪೈನ್ ಮರದ ಜಾಗ ಖಾಲಿ. ಬೇರೆ ಯಾರೂ ಇಲ್ಲ. ನೀನು ನಿಲ್ತೀಯಾ?”

ಆಲ್ಪೊ ಕುರ್ಚಿಯಿಂದ ಎದ್ದೇಬಿಟ್ಟ. “ನಿಲ್ತೀನಿ! ಖಂಡಿತ ನಿಲ್ತೀನಿ!”

“ಕೇಳಿಸ್ಕೋ. ಒಂದೇ ಒಂದು ಮೂಸ್‌ಗೆ ಪರವಾನಗಿ ಉಳಿದಿದೆ. ನಾನು ಸಾಕು ಅನ್ನೋ ತನಕ ನಿಂತರೆ ಮುಂದಿನ ವರ್ಷದಿಂದ ಆ ಜಾಗ ನಿಂದು. ಕದಲಿದೆಯೋ, ಸೌಟನ್ನ ನಿನ್ನ ಜೊತೆಗೇ ಹೂಳ್ತೀವಿ.”

ತೌನೊ ತಮಾಷೆ ಮಾಡುವವನಲ್ಲ. ಆಲ್ಪೊ ಸುಟ್ಟ ಬೂಟಿನ ಕಡೆ ನೋಡಿದ. ಮನೆಯಲ್ಲಿ ಇನ್ನುಳಿದದ್ದು ತೋಟದ ರಬ್ಬರ್ ಬೂಟು, ಮದುವೆಯ ಕರಿ ಬೂಟು ಮತ್ತು ಹಿಲ್ಕಾಳ ಹೂವಿನ ಚಪ್ಪಲಿ. ಕೋವಿ ಹೆಗಲಿಗೇರಿಸಿ, ರಬ್ಬರ್ ಬೂಟಿನಲ್ಲೇ ಮೈರೆಯ ಅಂಗಡಿಗೆ ಓಡಿದ.

ಬೇಟೆಯ ಶನಿವಾರಗಳಲ್ಲಿ ಮೈರೆ ಬೆಳಕು ಹರಿಯುವ ಮೊದಲೇ ಅಂಗಡಿ ತೆಗೆಯುತ್ತಾಳೆ. ಮೊಳೆ, ಮೀನುಬಲೆ, ರೈ ಬ್ರೆಡ್ಡು, ಬೂಟು ಎಲ್ಲ ಒಂದೇ ಕೋಣೆಯಲ್ಲಿ, ಮೂಲೆಯಲ್ಲಿ ಕಾಫಿಯ ಮೇಜು. ಆ ಮೇಜಿನ ಹತ್ತಿರ ಎಂದಿನಂತೆ ಸುಲೊ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಹೋದ ವರ್ಷದ ತನಕ ಕಾವಲಿಗೆ ನಿಲ್ಲುತ್ತಿದ್ದವನು ಕಾಲ್ಬೆರಳು ಚಳಿ ತಡೆಯುವುದಿಲ್ಲ ಎಂದು ಬೇಟೆ ಬಿಟ್ಟಿದ್ದ. ಈಗ ಊರಿಗೆಲ್ಲ ಪುಕ್ಕಟೆ ಸಲಹೆ ಕೊಡುವುದೇ ಅವನ ಉದ್ಯೋಗ.

“ಸುಲೊ ಮಾವ, ಇವತ್ತು ನಾನು ಕಾವಲಿಗೆ!” ಎಂದು ಆಲ್ಪೊ ಬಾಗಿಲಲ್ಲೇ ಕೂಗಿದ. ತಕ್ಷಣ ಕೂಗಬಾರದಿತ್ತು ಅನ್ನಿಸಿತು, ಯಾಕೆಂದರೆ ಅಂಗಡಿಯಲ್ಲಿದ್ದವರೆಲ್ಲ ಕಾಫಿಯ ಬಟ್ಟಲು ಕೆಳಗಿಟ್ಟು ಅವನ ಕಾಲು ನೋಡತೊಡಗಿದರು.

“ಈ ಕಾಲಲ್ಲಾ?” ಎಂದ ಸುಲೊ.

“ಬೂಟು ಕೊಳ್ಳೋಕೇ ಬಂದೆ. ಬೆಚ್ಚಗಿರೋದು ಒಂದು ಕೊಡು ಮೈರೆ, ಬೇಗ.”

ಮೈರೆ ತೊಗಲಿನ ಬೂಟು ತಂದಳು. ಒಳಗೆ ಕುರಿಯುಣ್ಣೆ. ಆಲ್ಪೊ ಕಾಲು ತೂರಿಸಿದ. ಅವನಿಗಾಗಿಯೇ ಅಳತೆ ತೆಗೆದು ಹೊಲಿದಂತೆ ಕೂತಿತು. “ಸರಿಯಾಗಿದೆ!” ಎಂದ.

“ಸರಿಯಾಗಿದೆಯಾ?” ಸುಲೊ ಎದ್ದು ಬಂದ. “ಹಾಗಾದ್ರೆ ಬಿಚ್ಚು. ಸರಿಯಾಗಿ ಕೂತ ಬೂಟಲ್ಲಿ ಚಳಿ ಹೊರಗೆ ಹೋಗೋಕೆ ಜಾಗ ಎಲ್ಲಿರುತ್ತೆ? ಒಳಗೆ ಗಾಳಿ ಆಡಬೇಕು ಕಣಯ್ಯಾ, ಗಾಳಿ! ಸರಿಯಾಗಿರೋ ಬೂಟು ಮದುವೆಗೆ, ಹೆಣದ ಮೆರವಣಿಗೆಗೆ.”

“ಸುಲೊ ಹೇಳೋದು ನಿಜ,” ಎಂದಳು ಮೈರೆ, ತಾನು ಮಾರಲು ತಂದ ಬೂಟನ್ನೇ ಕಿತ್ತುಕೊಳ್ಳುತ್ತ. “ನಮ್ಮನೆಯವರು ಇಂಥದ್ದೇ ಹಾಕ್ಕೊಂಡು ಹೋಗಿ ಒಂದು ಹೆಬ್ಬೆರಳಿನ ಉಗುರು ಕಳ್ಕೊಂಡ್ರು.”

ಎರಡನೆಯದು ಮೊಣಕಾಲ ತನಕದ ರಬ್ಬರಿನದು, ಒಳಗೆ ದಪ್ಪ ಬಟ್ಟೆ. ಸುಲೊ ಅದನ್ನು ಕಿವಿಯ ಹತ್ತಿರ ಹಿಡಿದು ಮಡಿಸಿದ. “ಕಿರ್ ಅಂತು, ಕೇಳಿಸ್ತಾ? ಇಲ್ಲೇ ಇಷ್ಟು. ಚಳೀಲಿ ನೀನು ಬೆರಳು ಅಲ್ಲಾಡಿಸಿದ್ರೆ ಮೂಸ್‌ಗೆ ರಷ್ಯದಲ್ಲಿ ಕೇಳಿಸುತ್ತೆ.”

ಆಲ್ಪೊ ಗಡಿಯಾರ ನೋಡಿದ. “ಮಾವ, ಯಾವುದಾದ್ರೂ ಒಂದು ಆಗುತ್ತೆ ಅನ್ನು, ತೌನೊ ಕಾಯ್ತಿರ್ತಾನೆ.”

ಆಗ ಮೈರೆ ಹಿಂದಿನ ಕೋಣೆಯಿಂದ ಮೂರನೆಯ ಜೋಡಿ ತಂದಳು. ತುಪ್ಪುಳದ ದಪ್ಪ ಒಳಬೂಟು, ಹೊರಗೆ ಮೆತ್ತನೆಯ ರಬ್ಬರು, ಬೆರಳು ದಪ್ಪದ ಅಟ್ಟೆ. ಸುಲೊ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹೊಸದಾಗಿ ಹುಟ್ಟಿದ ಕರುವನ್ನು ಸವರಿದಂತೆ ಸವರಿದ. “ಇದು ಬೂಟು,” ಎಂದ ಮೆಲ್ಲಗೆ.

ಇದ್ದದ್ದು ಒಂದೇ ಜೋಡಿ, ಆಲ್ಪೊನ ಅಳತೆಗಿಂತ ಮೂರು ನಂಬರು ದೊಡ್ಡದು. ಕಾಲಿಟ್ಟರೆ ಬಾವಿಗಿಳಿದ ಹಾಗಾಯಿತು. ಒಂದು ಹೆಜ್ಜೆ ಮುಂದಿಟ್ಟ. ಕಾಲು ಬಂತು, ಬೂಟು ಅಲ್ಲೇ ಉಳಿಯಿತು.

“ದೊಡ್ಡದಾಯ್ತಲ್ಲ?”

“ದೊಡ್ಡದಿದ್ರೆ ತಾನೇ ಕಾಲ್ಚೀಲ ಹಿಡಿಸೋದು?” ಎಂದು ಸುಲೊ ನಕ್ಕ. ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಆಲ್ಪೊನ ಗ್ರಹಚಾರ ಶುರುವಾಯಿತು.

ಹೌಕಿವಾರದಲ್ಲಿ ಹೆಂಗಸರು ಕೈಯಾರೆ ಹೆಣೆದ ಉಣ್ಣೆಯ ಕಾಲ್ಚೀಲ ಕೊಟ್ಟರೆ ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಕಾಫಿ ಬೇಡವೆಂದರೆ ಒಂದು ವಾರ ಮಾತು ಬಿಡುತ್ತಾರೆ, ಕಾಲ್ಚೀಲ ಬೇಡವೆಂದರೆ ಮುಂದಿನ ತಲೆಮಾರಿನ ತನಕ. ಹಿಲ್ಕಾ ಹೆಣೆದದ್ದು ಆಗಲೇ ಕಾಲಿನಲ್ಲಿತ್ತು. ಮೈರೆ ತಾನು ಹೆಣೆದ ಬೂದು ಜೋಡಿಯನ್ನು ಗಲ್ಲಾದ ಕೆಳಗಿನಿಂದ ತೆಗೆದಳು. “ಹಾಕ್ಕೋ, ದುಡ್ಡು ಬೇಡ, ನಿನಗೇ ಅಂತ ಇಟ್ಟಿದ್ದೆ.” ಅದು ನಿಜವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹಾಕಿಕೊಂಡ. ಅಷ್ಟರಲ್ಲಿ ಬ್ರೆಡ್ಡು ಕೊಳ್ಳಲು ಬಂದ ಸುಲೊನ ತಂಗಿ ಆಯ್ಲಾ ಇದನ್ನು ನೋಡಿದಳು.

“ಮೈರೆಯ ಉಣ್ಣೆ ಚುಚ್ಚುತ್ತೆ. ಅದರ ಮೇಲೆ ನಂದು ಹಾಕ್ಕೋ,” ಎಂದು ಚೀಲದಿಂದ ಕೆಂಪು ಜೋಡಿ ತೆಗೆದಳು.

“ನನ್ನ ಉಣ್ಣೆ ಚುಚ್ಚುತ್ತಾ? ಯಾರು ಹೇಳಿದ್ದು?” ಎಂದಳು ಮೈರೆ.

“ನಿಮ್ಮನೆಯವರೇ.”

ಜಗಳ ಬೆಳೆಯದಿರಲೆಂದು ಆಲ್ಪೊ ಬೇಗ ಬೇಗ ಕೆಂಪನ್ನೂ ಹಾಕಿಕೊಂಡ. ಸುಲೊ ಸುಮ್ಮನಿದ್ದಾನೆಯೇ? ಬೂಟಿನ ತಳಕ್ಕೆ ಹಳೆಯ ಪತ್ರಿಕೆ ಮಡಿಸಿಟ್ಟ. ಅದರ ಮೇಲೆ ಒಣಹುಲ್ಲು. “ಉತ್ತರದವರು ಹೀಗೇ ಮಾಡೋದು,” ಎಂದ. ಕೊನೆಗೆ ಮೂವರೂ ಸೇರಿ ತಳ್ಳಿ, ಎಳೆದು, ಆಲ್ಪೊನ ಕಾಲನ್ನು ಬೂಟಿನೊಳಗೆ ಸೇರಿಸಿದರು. ಎದ್ದು ನಿಂತ ಆಲ್ಪೊಗೆ ಕೆಳಗೆ ಎರಡು ಮರದ ಕೊರಡು ಕಟ್ಟಿದ ಹಾಗಿತ್ತು. ಗಾಳಿ ಆಡುವ ಮಾತಿರಲಿ, ಗಾಳಿಯ ಹೆಸರು ಹೇಳುವುದಕ್ಕೂ ಒಳಗೆ ಜಾಗವಿರಲಿಲ್ಲ.

“ಈಗ ಬೆಚ್ಚಗಿದೆಯಾ?”

“ಬೆಚ್ಚಗಿದೆ,” ಎಂದ ಆಲ್ಪೊ. ಬೇರೆ ಏನೆಂದು ಹೇಳುತ್ತಾನೆ?

ಬಾಗಿಲ ತನಕ ಹೋದವನಿಗೆ ಥಟ್ಟನೆ ನೆನಪಾಯಿತು. “ಅಯ್ಯೋ, ಸೂಪು! ನಾನು ಕಾವಲಿಗೆ ಹೋದ್ರೆ ಸೂಪು ಯಾರು ನೋಡ್ಕೋತಾರೆ? ಬಟಾಣಿ ನೆನೆಹಾಕಿಟ್ಟಿದೀನಿ.”

“ನಾನಿಲ್ವಾ?” ಎಂದ ಸುಲೊ.

“ಉರಿ ಸಣ್ಣಗಿರಲಿ ಮಾವ. ಕಲಕೋದು ಬಿಡಬಾರದು, ಬಿಟ್ರೆ ತಳ ಹಿಡಿಯುತ್ತೆ. ಹಂದಿ ಮಾಂಸ ಅರ್ಧ ಬೆಂದ ಮೇಲೆ ಈರುಳ್ಳಿ.”

“ನನಗೇ ಪಾಠ ಹೇಳ್ತೀಯಾ? ನೀನು ಕಾಲು ಬೆಚ್ಚಗಿಟ್ಟುಕೊಂಡು ನಿಂತ್ಕೋ. ಹಂಡೆ ನಾನು ನೋಡ್ಕೋತೀನಿ,” ಎಂದು ಸುಲೊ ಅವನ ಬೆನ್ನು ತಟ್ಟಿದ. ಆಲ್ಪೊನ ಕಣ್ಣು ತುಂಬಿಬಂತು. ಇಷ್ಟು ಒಳ್ಳೆಯ ಜನರ ನಡುವೆ ತಾನು ಸುಮ್ಮನೆ ಮೂರು ವರ್ಷ ಮುಖ ತಗ್ಗಿಸಿಕೊಂಡು ಬದುಕಿದೆನಲ್ಲ ಅನ್ನಿಸಿತು.

ಬಾತುಕೋಳಿಯ ಹಾಗೆ ನಡೆದು ಬಂದವನನ್ನು ತೌನೊ ಮೇಲಿಂದ ಕೆಳಗೆ ನೋಡಿದ. ಜೌಗಿನ ಅಂಚಿನ ಪೈನ್ ಮರದ ಬುಡದಲ್ಲಿ ನಿಲ್ಲಿಸಿ, ಕೈಗೆ ವಾಕಿಟಾಕಿ ಕೊಟ್ಟು, “ಸಾಕು ಅನ್ನೋ ತನಕ,” ಎಂದಷ್ಟೇ ಹೇಳಿ ಹೋದ. ಮೂರು ವರ್ಷದ ಹಿಂದೆ ಆಲ್ಪೊ ಮರ್ಯಾದೆ ಕಳೆದುಕೊಂಡಿದ್ದು ಇದೇ ಮರದ ಬುಡದಲ್ಲಿ.

ಮೊದಲಿಗೆ ಎಲ್ಲ ಚೆನ್ನಾಗಿತ್ತು. ಜೌಗು ಬೆಳ್ಳಗೆ ಹಾಸಿಕೊಂಡಿತ್ತು, ದೂರದಲ್ಲಿ ತೌನೊನ ನಾಯಿ ಒಮ್ಮೆ ಬೊಗಳಿತು. ಆಲ್ಪೊ ಕೋವಿಯನ್ನು ಅಪ್ಪಿಕೊಂಡು, ಮುಂದಿನ ವರ್ಷ ಅಂಗಡಿಯಲ್ಲಿ ಯಾರು ಯಾರಿಗೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತ ನಿಂತ. ಬಟಾಣಿಯ ಬಗ್ಗೆ ಕೇಳಿದವನಿಗೆ ಕೊಡುವ ಉತ್ತರ ಬಹಳ ಚೆನ್ನಾಗಿ ಹೊಳೆಯಿತು. ಅದನ್ನು ಮನಸ್ಸಿನಲ್ಲೇ ಎರಡನೆಯ ಸಲ ಹೇಳಿಕೊಳ್ಳುವಾಗ ಬಲಗಾಲಿನ ಕಿರುಬೆರಳು ತಣ್ಣಗಾಯಿತು.

ಆಮೇಲೆ ಅದರ ಪಕ್ಕದ್ದು. ಆಮೇಲೆ ಉಳಿದವು ಒಂದೊಂದಾಗಿ, ಸಾಲಾಗಿ ಮನೆಗಳ ದೀಪ ಆರಿದಂತೆ. ಬೆರಳು ಅಲ್ಲಾಡಿಸೋಣವೆಂದರೆ ಮೂರು ಹೆಂಗಸರ ಕಾಲ್ಚೀಲ ಒಟ್ಟಾಗಿ ಹಿಡಿದುಕೊಂಡಿದ್ದವು. ರಕ್ತ ಮೊಣಕಾಲಿನ ತನಕ ಬಂದು, ಕೆಳಗೆ ದಾರಿಯಿಲ್ಲವೆಂದು ತಿಳಿದು ಹಿಂದಕ್ಕೆ ಹೋಗುತ್ತಿರಬೇಕು. ಸ್ವಲ್ಪ ಹೊತ್ತಿಗೆ ಪಾದ ಇದೆಯೋ ಇಲ್ಲವೋ ಎನ್ನುವುದೂ ಗೊತ್ತಾಗಲಿಲ್ಲ. ಬಗ್ಗಿ ನೋಡಿದ. ಬೂಟಂತೂ ಇತ್ತು.

“ಎಲ್ಲರೂ ಜಾಗದಲ್ಲೇ ಇರಿ,” ಎಂದಿತು ವಾಕಿಟಾಕಿ. “ಕಾಲುಗುರುತು ಸಿಕ್ಕಿದೆ. ಹೊತ್ತಾಗುತ್ತೆ.”

ಹೊತ್ತಾಗುತ್ತೆ! ಆಲ್ಪೊಗೆ ನಿಜವಾಗಿ ಅಳು ಬಂತು. ಕದಲಿದರೆ ಸೌಟು, ಕದಲದಿದ್ದರೆ ಕಾಲು. ರಸ್ತೆ ಅಲ್ಲೇ ಕಾಣುತ್ತಿತ್ತು, ಓಡಿ ಹೋಗಿ ನಾಲ್ಕು ಸಲ ಕುಪ್ಪಳಿಸಿದರೆ ಜೀವ ಬರುತ್ತಿತ್ತು. ಮೂರು ವರ್ಷದ ಹಿಂದೆಯೂ ಹೀಗೇ ಕಾಣುತ್ತಿತ್ತು. ‘ದೇವರೇ, ನಾನೇನು ಅರಮನೆ ಕೇಳಿದೆನಾ? ಒಂದು ಮರದ ಬುಡದಲ್ಲಿ ನಿಲ್ಲೋಕೆ ಬಿಡು ಅಂದೆ. ಅದೂ ನನ್ನ ಹಣೇಲಿ ಬರೆದಿಲ್ವಾ?’ ಎಂದು ಮನಸ್ಸಿನಲ್ಲೇ ಗೋಳಾಡಿದ. ತನ್ನ ಸಮಾಧಿಯ ಕಲ್ಲಿನ ಮೇಲೆ ಶಿಲುಬೆಯ ಜಾಗದಲ್ಲಿ ಸೌಟು ಕೆತ್ತಿದ್ದು ಕಣ್ಣೆದುರು ಬಂತು.

ಕೊನೆಗೆ ಹತಾಶೆಯಿಂದಲೇ ಒಂದು ಉಪಾಯ ಹೊಳೆಯಿತು. ಜಾಗ ಬಿಡಬಾರದು ಎಂದಿದ್ದಾರೆಯೇ ಹೊರತು ಬೂಟು ಬಿಡಬಾರದು ಎಂದಿಲ್ಲವಲ್ಲ! ಕೋವಿಯನ್ನು ಮರಕ್ಕೊರಗಿಸಿ, ಬೆನ್ನನ್ನೂ ಮರಕ್ಕೆ ಕೊಟ್ಟು, ಒಂಟಿ ಕಾಲಲ್ಲಿ ನಿಂತು ಬಲಗಾಲಿನ ಬೂಟನ್ನು ಎಳೆಯತೊಡಗಿದ. ಮೂವರು ಸೇರಿ ಹಾಕಿದ್ದನ್ನು ಒಬ್ಬನೇ ಬಿಚ್ಚುವುದು ಸುಲಭವೇ? ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಎಳೆದ. ಕೊನೆಗೆ ಬೂಟು ಬಂತು, ಜೊತೆಗೆ ಹುಲ್ಲು ಬಂತು, ಪತ್ರಿಕೆ ಬಂತು. ಆಯ್ಲಾಳ ಕೆಂಪು ಕಾಲ್ಚೀಲ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡ. ಮೈರೆಯದನ್ನು ಕಿತ್ತಾಗ ಅದರ ಜೊತೆ ಹಿಲ್ಕಾಳದ್ದೂ ಕಿತ್ತುಬಂತು. ಮೈರೆಯ ಉಣ್ಣೆ ನಿಜವಾಗಿಯೂ ಚುಚ್ಚುತ್ತಿತ್ತು.

ಹೀಗೆ ಆಲ್ಪೊ ಒಂದು ಕಾಲು ಬರಿದಾಗಿ, ಬಾಯಲ್ಲಿ ಕೆಂಪು ಕಾಲ್ಚೀಲ ನೇತಾಡಿಸಿಕೊಂಡು, ಕೊಕ್ಕರೆಯ ಹಾಗೆ ನಿಂತಿದ್ದಾಗ ಜೌಗಿನ ಅಂಚಿನ ಪೊದೆ ಸರಸರ ಎಂದಿತು. ಗಂಡು ಮೂಸ್ ಹೊರಗೆ ಬಂದು ನಿಂತಿತು.

ಅದು ಓಡಬೇಕಿತ್ತು. ನಾಯಿ ಹಿಂದೆಯೇ ಬೊಗಳುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಎಷ್ಟೋ ಬೇಟೆಗಾರರನ್ನು ನೋಡಿದ್ದ ಆ ಪ್ರಾಣಿ ಇಂಥವನನ್ನು ನೋಡಿರಲಿಲ್ಲವೋ ಏನೋ, ಕಿವಿ ನಿಮಿರಿಸಿಕೊಂಡು ಆಲ್ಪೊನನ್ನೇ ದಿಟ್ಟಿಸಿತು. ಆಲ್ಪೊ ಬರಿಗಾಲನ್ನು ಮೆಲ್ಲಗೆ ಹಿಮದ ಮೇಲೆ ಊರಿದ. ಹಿಮ ಕೆಂಡದಂತೆ ಸುಟ್ಟಿತು. ಕೂಗಬೇಕೆನ್ನಿಸಿತು, ಬಾಯಿಗೆ ಕಾಲ್ಚೀಲ ಅಡ್ಡವಿತ್ತು. ಕೈ ಕೋವಿಯನ್ನು ಮುಟ್ಟಿತು, ಎತ್ತಿತು, ಭುಜಕ್ಕೆ ಕೊಟ್ಟಿತು. ಢಂ!

ಮೂಸ್ ಎರಡು ಹೆಜ್ಜೆ ನಡೆದು, ಆಯಾಸವಾದವರಂತೆ ಮೊಣಕಾಲೂರಿ ಮಗ್ಗುಲಾಯಿತು.

ತೌನೊ ಬಂದಾಗ ಮೊದಲು ನೋಡಿದ್ದು ಮೂಸನ್ನಲ್ಲ, ಹಿಮವನ್ನು. ಮರದ ಬುಡದಿಂದ ಹೊರಕ್ಕೆ ಆಲ್ಪೊನ ಒಂದು ಹೆಜ್ಜೆಯೂ ಇರಲಿಲ್ಲ. ಬುಡದಲ್ಲಿ ಒಂದು ಬೂಟಿನ ಗುರುತು, ಪಕ್ಕದಲ್ಲಿ ಐದು ಬೆರಳೂ ಸ್ಪಷ್ಟವಾಗಿ ಮೂಡಿದ ಒಂದು ಬರಿಗಾಲಿನ ಗುರುತು. ತೌನೊ ಬಹಳ ಹೊತ್ತು ಆ ಬರಿಗಾಲಿನ ಗುರುತನ್ನು ನೋಡಿದ.

“ಯಾಕೆ ಅಂತ ಕೇಳಲ್ಲ,” ಎಂದ. “ಸಾಕು.”

ಆಮೇಲೆ ಸ್ಪ್ರೂಸ್ ಮರದ ಒಂದು ಚಿಗುರು ಮುರಿದು ಆಲ್ಪೊನ ಟೋಪಿಗೆ ಸಿಕ್ಕಿಸಿ, ಕೈಕುಲುಕಿದ. ಅದು ಬೇಟೆ ಹೊಡೆದವನಿಗೆ ಮಾತ್ರ ಸಲ್ಲುವ ಮರ್ಯಾದೆ. ಆಲ್ಪೊ ಎರಡು ಕಾಲಿಗೂ ಹಿಲ್ಕಾಳ ಒಂದೊಂದೇ ಕಾಲ್ಚೀಲ ಉಳಿಸಿಕೊಂಡು, ಉಳಿದ ಉಣ್ಣೆಯನ್ನೆಲ್ಲ ಜೇಬಿಗೆ ತುರುಕಿ ಬೂಟು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಜೀವ ಬರತೊಡಗಿತು, ನೋವಿನಿಂದಲೂ ಸುಖದಿಂದಲೂ ಅವನ ಕಣ್ಣಲ್ಲಿ ನೀರು ಬಂತು. ಬೇಟೆಮನೆಗೆ ನಡೆಯುವಷ್ಟರಲ್ಲಿ ಕಾಲು ಹೊದಿಕೆಯೊಳಗೆ ಮಲಗಿದಷ್ಟು ಬೆಚ್ಚಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನಡೆದ. ಹಿಂದೆ ಟ್ರ್ಯಾಕ್ಟರು ಮೂಸನ್ನು ಎಳೆದು ತರುತ್ತಿತ್ತು.

ಬೇಟೆಮನೆಯ ಬಾಗಿಲು ತೆಗೆದ ಕೂಡಲೇ ಸೀದ ವಾಸನೆ ಮೂಗಿಗೆ ಹೊಡೆಯಿತು.

ಎಲ್ಲರೂ ಬಾಗಿಲಲ್ಲಿ ಬೂಟು ಬಿಟ್ಟು, ಕಾಲ್ಚೀಲದಲ್ಲಿ ಒಳಗೆ ಬಂದು ಹಂಡೆಯ ಸುತ್ತ ನಿಂತರು. ಬೆಳಗಿನಿಂದ ಹಿಮದಲ್ಲಿ ಅಲೆದ ಗಂಡಸರು. ಹಂಡೆಯ ತಳದಲ್ಲಿ ಬಟಾಣಿ ಡಾಂಬರಿನಂತೆ ಅಂಟಿಕೊಂಡಿತ್ತು. ಹಂಡೆಯ ಪಕ್ಕದಲ್ಲಿ ಸುಲೊ ಏನೂ ಅರಿಯದವನಂತೆ ಕೂತಿದ್ದ. “ಒಂದು ಕಣ್ಣು ಮುಚ್ಚಿದ್ದೆ ಅಷ್ಟೆ,” ಎಂದ. ತೌನೊ ಒಂದು ಚಮಚ ಬಾಯಿಗಿಟ್ಟು, ಹೊರಗೆ ಹೋಗಿ ಉಗುಳಿ ಬಂದ. ನಾಯಿಯ ಮುಂದೆ ಒಂದು ಬಟ್ಟಲು ಇಟ್ಟರು, ಅದು ಬಾಲ ಮುದುರಿಕೊಂಡು ಮೇಜಿನ ಕೆಳಗೆ ಸೇರಿತು.

“ಇವತ್ತು ಆಲ್ಪೊ ಮೂಸ್ ಹೊಡೆದಿದಾನೆ,” ಎಂದು ತೌನೊ ಶುರುಮಾಡಿದ.

“ಹೊಡೆದ, ಸರಿ,” ಎಂದ ಹಿಂದಿನಿಂದ ಒಬ್ಬ. “ಊಟಕ್ಕೇನು?”

ಯಾರೂ ಮೂಸಿನ ಮಾತೆತ್ತಲಿಲ್ಲ. ಹಸಿದ ಹೊಟ್ಟೆಗಳ ಗೊಣಗಾಟ ಕೋಣೆ ತುಂಬ ಎದ್ದಿತು. ತೌನೊ ಕೈಯೆತ್ತಿ ಸುಮ್ಮನಾಗಿಸಿದ. “ಆಲ್ಪೊ, ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ. ಆದ್ರೆ ಸಂಘದ ವಿಷಯ ಸಂಘಾನೇ ತೀರ್ಮಾನ ಮಾಡ್ಬೇಕು. ಮೊದಲು ತಿನ್ನೋಕೆ ಏನಾದ್ರೂ ಮಾಡು. ಹೊಸ ಮಾಂಸ ಇದೆ, ಆಲೂಗೆಡ್ಡೆ ಇದೆ. ಊಟ ಆದ್ಮೇಲೆ ಮುಂದಿನ ವರ್ಷ ಕಾವಲಿಗೆ ಯಾರು, ಅಡಿಗೆಗೆ ಯಾರು ಅಂತ ಕೈ ಎತ್ತಿ ಹೇಳೋಣ.”

ಆಲ್ಪೊ ಟೋಪಿಯಲ್ಲಿ ಚಿಗುರು ಸಿಕ್ಕಿಸಿಕೊಂಡೇ ಒಲೆಯ ಮುಂದೆ ನಿಂತ. ಮೂಸಿನ ಮಾಂಸ, ಈರುಳ್ಳಿ, ಆಲೂಗೆಡ್ಡೆ ಎಲ್ಲ ಹೊಸ ಹಂಡೆಗೆ ಬಿತ್ತು. ಕೆಲಸ ಮುಗಿದು ಕುದಿ ಏಳುವಾಗ ಸುಲೊ ಪಕ್ಕಕ್ಕೆ ಬಂದು, ಕೈ ಕಾಯಿಸಿಕೊಳ್ಳುವ ನೆಪದಲ್ಲಿ ಬಗ್ಗಿದ.

“ಎಲೋ ಪೆದ್ದ,” ಎಂದ ಪಿಸುದನಿಯಲ್ಲಿ. “ಮೂರು ವರ್ಷದಿಂದ ಏನು ಮಾಡ್ತಿದೀಯಾ ನೀನು?”

“ಏನು ಅಂದ್ರೆ? ಸೂಪು ಮಾಡ್ತಿದೀನಿ.”

“ಅದನ್ನೇ ಕೇಳ್ತಿರೋದು. ಯಾಕೆ ಅಷ್ಟು ಚೆನ್ನಾಗಿ ಮಾಡ್ತೀಯಾ? ಇಲ್ಲಿ ಕಾವಲಿಗೆ ನಿಲ್ಲೋ ಒಬ್ಬೊಬ್ಬನೂ ಒಂದು ಕಾಲಕ್ಕೆ ಈ ಹಂಡೆ ಮುಂದೆ ನಿಂತೋನೇ. ಪೆಂಟ್ಟಿ ಉಪ್ಪು ಸುರಿದ, ಬಚಾವಾದ. ನಾನು ಎರಡು ಶನಿವಾರ ಸೀಯಿಸಿದೆ. ತೌನೊ ಮೊದಲನೇ ದಿನಾನೇ ಸೀಯಿಸಿದ, ಅದಕ್ಕೇ ಅವನು ಮುಖಂಡ.”

ಆಲ್ಪೊನ ಕೈ ಅಲ್ಲೇ ನಿಂತಿತು. “ಹಾಗಾದ್ರೆ... ಈ ಬೂಟು, ಚಳಿ, ಕದಲಬಾರದು ಅನ್ನೋದು...”

“ಚಳೀಗೆ ಯಾರು ಕದಲಿಲ್ಲ ಹೇಳು? ಎಲ್ಲರೂ ಒಂದಲ್ಲ ಒಂದು ಸಲ ಕದಲಿದೋರೇ. ಸೌಟು ಕೈಗೆ ಬಂದ ಮೇ‌ಲೆ ಸೂಪು ಕೆಡಿಸಿ ವಾಪಸ್ ಹೋದ್ರು. ನೀನೊಬ್ಬ ಈರುಳ್ಳಿ ಯಾವಾಗ ಹಾಕ್ಬೇಕು ಅಂತ ನನಗೆ ಪಾಠ ಹೇಳ್ತೀಯಾ!” ಸುಲೊ ಇನ್ನೂ ಹತ್ತಿರ ಬಂದ. “ನೋಡು, ಬಿಟ್ಟು ಹೋದೋನು ವಾಪಸ್ ಬಂದ್ರೆ ಹೊಸಬನ ಲೆಕ್ಕ, ಅಡಿಗೆಗೇ ಹಾಕ್ತಾರೆ; ಅದಕ್ಕೇ ನಾನೂ ಇವತ್ತು ಸೂಪು ಸೀಯಿಸಿ ಕಾವಲಿಗೆ ವಾಪಸ್ ಹೋಗೋ ದಾರಿ ಮಾಡ್ಕೊಂಡೆ. ನನಗೆ ಏನಾಗ್ಬೇಕು, ಇಬ್ಬರಿಗೂ ಜಾಗ ಇದೆ. ಇವತ್ತು ಇದನ್ನ ಸೀಯಿಸಿಬಿಡು. ಮೂಸ್ ಹೊಡೆದ ಸಂಭ್ರಮ, ಕೈ ತಪ್ತು ಅಂತ ಎಲ್ಲರೂ ನಂಬ್ತಾರೆ. ಮುಂದಿನ ವರ್ಷ ಸೀಯಿಸಿದ್ರೆ ಬೇಕಂತಲೇ ಮಾಡಿದ ಅಂತಾರೆ. ಇದೊಂದೇ ಅವಕಾಶ.”

ಸುಲೊ ಹೋಗಿ ಬೆಂಚಿನ ಮೇಲೆ ಕೂತ. ಆಲ್ಪೊ ಸುತ್ತ ನೋಡಿದ. ಗೋಡೆಗೊರಗಿ ಕೂತ ಗಂಡಸರೆಲ್ಲ, ತನ್ನನ್ನು ಮೂರು ವರ್ಷ ಬಟಾಣಿ ಬೇಟೆಗಾರ ಎಂದು ನಕ್ಕವರೆಲ್ಲ, ಸೂಪು ಕೆಡಿಸಿಯೇ ಮೇಲೆ ಬಂದವರು! ಅವನಿಗೆ ಮೈಯೆಲ್ಲ ಉರಿಯಿತು. ಒಲೆಗೆ ಎರಡು ಕೊಳ್ಳಿ ಜಾಸ್ತಿ ತುರುಕಿದ. ಸೌಟನ್ನು ಗೋಡೆಯ ಕೊಕ್ಕೆಗೆ ನೇತುಹಾಕಿ, ಎರಡು ಕೈಯನ್ನೂ ಜೇಬಿಗೆ ಇಳಿಸಿ ಬೆನ್ನು ತಿರುಗಿಸಿ ನಿಂತ. ಕಾಡಿನಲ್ಲಿ ಮರದ ಬುಡದಲ್ಲಿ ನಿಂತಿದ್ದಕ್ಕಿಂತ ಗಟ್ಟಿಯಾಗಿ ನಿಂತ. ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಅಪ್ಪನ ಕಾಡು, ಪೈನ್ ಮರದ ಬುಡ ತನ್ನದಾಗುತ್ತದೆ.

ಹಂಡೆಯ ಕುದಿತ ಜೋರಾಯಿತು. ಆಮೇಲೆ ಆ ಸದ್ದು ದಪ್ಪಗಾಗುತ್ತ ಬಂತು. ತಳದಲ್ಲಿ ಆಲೂಗೆಡ್ಡೆ ಕೂರುತ್ತಿದೆ ಎನ್ನುವುದು ಆಲ್ಪೊನ ಕಿವಿಗೆ ಗೊತ್ತಾಯಿತು. ಹಣೆಯ ಮೇಲೆ ಬೆವರು ಮೂಡಿತು. ಈರುಳ್ಳಿಯ ವಾಸನೆ ಸಿಹಿಯಿಂದ ಸ್ವಲ್ಪ ಆ ಕಡೆಗೆ ಹೊರಳಿತು. ಇನ್ನೊಂದು ಕ್ಷಣ ಬಿಟ್ಟರೆ ತಳ ಹಿಡಿಯುತ್ತದೆ. ಬೆಂಚಿನಿಂದ ಸುಲೊ ಕಣ್ಣು ಮಿಟುಕಿಸಿದ. ಆಲ್ಪೊ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಕೈಯಲ್ಲಿ ಸೌಟಿತ್ತು. ಯಾವಾಗ ಕೊಕ್ಕೆಯಿಂದ ತೆಗೆದನೋ ಅವನಿಗೇ ತಿಳಿಯಲಿಲ್ಲ. ಸೌಟು ತಳ ಮುಟ್ಟಿ ನಿಧಾನವಾಗಿ, ಅಚ್ಚುಕಟ್ಟಾಗಿ ಸುತ್ತುತ್ತಿತ್ತು. ಇನ್ನೊಂದು ಕೈ ಒಲೆಯೊಳಗಿನ ಕೊಳ್ಳಿಯನ್ನು ಹಿಂದಕ್ಕೆ ಎಳೆದಿತ್ತು. “ಬಿಡು, ಬಿಡು!” ಎಂದು ಸುಲೊ ಸನ್ನೆ ಮಾಡಿದ. ಬಿಡಬೇಕೆಂದು ಆಲ್ಪೊಗೂ ಇತ್ತು. ಕೈ ಕೇಳಲಿಲ್ಲ. ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡು, ಇನ್ನೊಂದು ಚಿಟಿಕೆ ಉಪ್ಪು ಬೇಕೆಂದು ಕಂಡುಬಂದಾಗ ಅವನಿಗೆ ಎದೆಯೊಡೆದು ಅಳಬೇಕೆನ್ನಿಸಿತು. ಆದರೂ ಉಪ್ಪು ಹಾಕಿದ.

ಎಲ್ಲರೂ ಬಟ್ಟಲಿನ ಮೇಲೆ ಬಗ್ಗಿ ತಿಂದರು. ಬರೀ ಚಮಚಗಳ ಸದ್ದು. ನಡುವೆ ಯಾರೋ ಬಿಟ್ಟ ಉದ್ದನೆಯ ನಿಟ್ಟುಸಿರು. ಸುಲೊ ಮಾತ್ರ ತಲೆ ಕೊಡವುತ್ತ ಎದ್ದು ಬಾಗಿಲ ಹತ್ತಿರ ಹೋಗಿ, ಅಲ್ಲಿ ಸಾಲಾಗಿದ್ದ ಬೂಟುಗಳಲ್ಲಿ ಆಲ್ಪೊನ ಹೊಸ ಜೋಡಿಯನ್ನು ಎತ್ತಿ ಕಾಲಿಗೇರಿಸಿದ. ಅದು ಅವನದೇ ಅಳತೆ. ಎರಡು ಹೆಜ್ಜೆ ಹಾಕಿ, “ಅಡಿಗೆಮನೇಲಿ ಇದು ಸೆಕೆಯಾಗುತ್ತೆ ಕಣಯ್ಯಾ ನಿನಗೆ. ಇದು ನನಗಿರಲಿ,” ಎಂದ.

ಆಲ್ಪೊ ಉತ್ತರ ಕೊಡುವಷ್ಟರಲ್ಲಿ ತೌನೊ ಬಾಯಿ ಒರೆಸಿಕೊಂಡು ಎದ್ದ. “ಮುಂದಿನ ವರ್ಷವೂ ಆಲ್ಪೊನೇ ಅಡಿಗೆಗೆ ಇರಲಿ ಅನ್ನೋರು ಕೈ ಎತ್ತಿ.”

ಅವನ ಮಾತು ಮುಗಿಯುವ ಮೊದಲೇ ಚಮಚ ಹಿಡಿದ ಕೈಗಳೆಲ್ಲ ಒಟ್ಟಿಗೇ ಮೇಲೆ ಹೋದವು.

“ಬೇಡ ಅನ್ನೋರು?”

ಬೇಡ ಎನ್ನುವವನು ಆ ಕೋಣೆಯಲ್ಲಿ ಒಬ್ಬನೇ ಇದ್ದ. ಆದರೆ ಅವನ ಒಂದು ಕೈಯಲ್ಲಿ ಸೌಟಿತ್ತು, ಇನ್ನೊಂದರಲ್ಲಿ ತೌನೊ ಎರಡನೆಯ ಸಲಕ್ಕೆಂದು ಚಾಚಿದ್ದ ಬಟ್ಟಲಿತ್ತು.